ನೋವಿರುವ ಚಿತ್ರ ಖುಷಿಯ ಸಿನಿಮಾ ಹೇಗಾಗುತ್ತದೆ?

ಮನಸ್ಸು ತುಂಬುವಂಥ ಮದುವೆ ಸಿನಿಮಾ ಒಂದನ್ನು ಹೇಳಿ ಎಂದು ಯಾರು ಕೇಳಿದರೂ ನಾನು ಹೇಳುವುದು ಮೀರಾ ನಾಯರ್ ನಿರ್ದೇಶನದ ‘ಮಾನ್ಸೂನ್ ವೆಡ್ಡಿಂಗ್’. ಚಿತ್ರ ನೋಡಿದ ಮೇಲೆ ಅವರಲ್ಲಿ ಹಲವರು ಮತ್ತೆ ಬರುತ್ತಾರೆ, ಇನ್ನೊಂದು ಪ್ರಶ್ನೆಯೊಂದಿಗೆ: ‘ಅಷ್ಟು ನೋವಿನ ಸಂಗತಿ ಇಟ್ಟುಕೊಂಡಿರುವ ಚಿತ್ರವನ್ನು ಖುಷಿಯ ಸಿನಿಮಾ ಎನ್ನುತ್ತೀರಲ್ಲ, ಹೇಗೆ?’ ಉತ್ತರಿಸಬೇಕೆಂದರೆ ಕಥೆ ಹೇಳಲೇಬೇಕು. ಇನ್ನೂ ನೋಡದವರು ನೋಡಿ ಬಂದು ಓದಿದರೆ ಒಳ್ಳೆಯದು.

ದೆಹಲಿಯ ಪಂಜಾಬಿ ಮನೆ. ಲಲಿತ್ ವರ್ಮಾ (ನಸೀರುದ್ದೀನ್ ಷಾ) ಮಗಳು ಅದಿತಿಯನ್ನು ಅಮೆರಿಕದಲ್ಲಿರುವ ಎಂಜಿನಿಯರ್‌ಗೆ ಕೊಡುತ್ತಿದ್ದಾನೆ. ಅದಿತಿಯಾಗಿ ನಟಿಸಿರುವುದು ನಮ್ಮ ಬೆಂಗಳೂರಿನ ಗಾಯಕಿ ವಸುಂಧರಾ ದಾಸ್. ನೆಂಟರು ಬಂದಿಳಿಯುತ್ತಾರೆ, ಖರ್ಚು ಏರುತ್ತದೆ, ಬಿಳಿ ಶಾಮಿಯಾನ ಕಂಡು ಲಲಿತ್ ಕೂಗಾಡುತ್ತಾನೆ. ಶಾಮಿಯಾನ ಹಾಕಿಸುವ ದುಬೆ (ವಿಜಯ್ ರಾಜ್) ಚೆಂಡುಹೂವನ್ನು ಕಿತ್ತು ಬಾಯಿಗೆ ಹಾಕಿಕೊಂಡು ಜಗಿಯುತ್ತಾನೆ. ಮನೆಗೆಲಸದ ಆಲಿಸ್‌ಳನ್ನು ಕಂಡಾಗ ಅವನ ಬಾಯಿಯೇ ಕಟ್ಟಿಹೋಗುತ್ತದೆ. ಮೆಹಂದಿಯ ರಾತ್ರಿ ಹೆಂಗಸರು ಕೂತು ಹಾಡುವಾಗ ಕ್ಯಾಮೆರಾ ಕೈಯಲ್ಲೇ ಇದ್ದು ಅವರ ನಡುವೆ ನುಸುಳುತ್ತದೆ. ನಮ್ಮನ್ನೂ ಯಾರೋ ಪಕ್ಕಕ್ಕೆ ಸರಿದು ಕೂರಿಸಿಕೊಂಡಂತಿರುತ್ತದೆ. ಇಡೀ ಚಿತ್ರವನ್ನು ಸುಮಾರು 30 ದಿನಗಳಲ್ಲಿ ಚಿತ್ರೀಕರಿಸಿದರಂತೆ. ಆ ಅವಸರವೂ ಮದುವೆ ಮನೆಯದೇ.

ಇದರ ಮಧ್ಯೆ ರಿಯಾ ಇದ್ದಾಳೆ. ತಂದೆಯನ್ನು ಕಳೆದುಕೊಂಡವಳು, ಲಲಿತ್ ತನ್ನ ಮಗಳಂತೆಯೇ ಸಾಕಿದ ಹುಡುಗಿ. ರಿಯಾ ಆಗಿ ನಟಿಸಿರುವ ಶೆಫಾಲಿ ಶಾ ಅವರ ಕಣ್ಣುಗಳನ್ನೇ ನೋಡುತ್ತಿರಿ. ತೇಜ್ ಎಂಬ ಹಿರಿಯ ಬಂಧು ಬಳಿ ಬಂದಾಗಲೆಲ್ಲ ಅವು ಬೇರೆಯಾಗುತ್ತವೆ. ಬಾಲ್ಯದಲ್ಲಿ ಅವಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನು ಅವನೇ. ಈಗ ಇನ್ನೊಬ್ಬ ಪುಟ್ಟ ಹುಡುಗಿಯ ಸುತ್ತ ಸುಳಿಯುತ್ತಿರುವುದನ್ನು ಕಂಡಾಗ ರಿಯಾ ಎಲ್ಲರೆದುರು ಬಾಯಿ ಬಿಡುತ್ತಾಳೆ. ತನಗಾದದ್ದನ್ನು ಅಷ್ಟು ವರ್ಷ ನುಂಗಿಕೊಂಡಿದ್ದವಳು ಮಗುವಿಗಾಗಿ ಮಾತಾಡುತ್ತಾಳೆ.

ನನ್ನ ಉತ್ತರ ಇರುವುದು ಇದರ ನಂತರದ ಲಲಿತ್‌ನಲ್ಲಿ. ಅವನು ಕೂಡಲೇ ವೀರನಾಗುವುದಿಲ್ಲ. ತೇಜ್ ಕಷ್ಟಕಾಲದಲ್ಲಿ ಕುಟುಂಬಕ್ಕೆ ನೆರವಾದವನು, ಋಣ ದೊಡ್ಡದು. ಲಲಿತ್ ತಡವರಿಸುತ್ತಾನೆ, ಅಳುತ್ತಾನೆ, ಒಂದು ರಾತ್ರಿ ನರಳುತ್ತಾನೆ. ಮರುದಿನ, ರಿಯಾಳ ತೀರಿಕೊಂಡ ತಂದೆಯ ಭಾವಚಿತ್ರದ ಮುಂದೆ ಮನೆಮಂದಿ ಸೇರಿದ್ದಾಗ, ತೇಜ್‌ನನ್ನು ಹೊರಗೆ ಕಳಿಸುತ್ತಾನೆ. ಮದುವೆಯ ದಿನವೇ, ಎಲ್ಲರ ಎದುರಿನಲ್ಲೇ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿರುವ ನನಗೆ ಆ ದೃಶ್ಯದಲ್ಲಿ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಅದಿತಿಯದೂ ಹಾಗೆಯೇ. ವಿವಾಹಿತನೊಬ್ಬನ ಜೊತೆಗಿನ ಸಂಬಂಧವನ್ನು ಅವಳು ವರನಿಗೆ ತಾನಾಗಿ ಹೇಳುತ್ತಾಳೆ. ಮುಚ್ಚಿಟ್ಟದ್ದೆಲ್ಲ ಹೊರಬಂದ ಮೇಲೂ ಆ ಮದುವೆ ನಿಲ್ಲುವುದಿಲ್ಲ.

2001ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಈ ಚಿತ್ರಕ್ಕೆ ಬಂದಿತು. ಪ್ರಶಸ್ತಿ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ, ಕೊನೆಯ ಕೆಲವು ನಿಮಿಷಗಳಿಗಾಗಿ. ಕಾದ ಮಳೆ ಸುರಿಯುತ್ತದೆ. ಚೆಂಡುಹೂವಿನ ಕೆಳಗೆ ಸದ್ದಿಲ್ಲದೆ ಮದುವೆಯಾದ ದುಬೆ ಮತ್ತು ಆಲಿಸ್‌ರನ್ನು ಮನೆಯವರು ಶಾಮಿಯಾನದೊಳಕ್ಕೆ ಕರೆದುಕೊಳ್ಳುತ್ತಾರೆ. ಎಲ್ಲರೂ ತೊಯ್ದು ಕುಣಿಯುತ್ತಾರೆ. ರಿಯಾ ಕೂಡ.