ಫ್ಯಾಷನ್ ಕಲಿಯಲು ಬಂದವರನ್ನು ವೃದ್ಧಾಶ್ರಮಕ್ಕೆ ಏಕೆ ಕರೆದೊಯ್ಯುತ್ತೀರಿ?

"ಮೇಡಂ, ಮಗಳು ಡಿಸೈನರ್ ಆಗಲೆಂದು ಸೇರಿಸಿದೆವು. ನೀವು ಅವಳಿಂದ ಅಜ್ಜಿಯರ ರವಿಕೆ ಹೊಲಿಸುತ್ತಿದ್ದೀರಂತೆ?" ಪೋಷಕರ ಸಭೆಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಹೀಗೆ ಕೇಳುತ್ತಾರೆ.

ತರಗತಿಯಲ್ಲಿ ನಾವು ಉಡುಪನ್ನು ಕೂರಿಸಿ ನೋಡುವುದು ಬೊಂಬೆಯ ಮೇಲೆ. ಅದರ ಎರಡೂ ಭುಜಗಳು ಸಮ. ಅದು ಕೂರುವುದಿಲ್ಲ, ಕೈ ಎತ್ತುವುದಿಲ್ಲ, "ಇಲ್ಲಿ ಬಿಗಿಯಾಯಿತು" ಎನ್ನುವುದಿಲ್ಲ. ಬೊಂಬೆಯ ಮೇಲೆ ಪೂರ್ಣ ಅಂಕ ಗಳಿಸಿದವಳಿಗೂ ಜೀವಂತ ಮೈಯ ಮುಂದೆ ಟೇಪು ಹಿಡಿಯುವಾಗ ಕೈ ನಡುಗುತ್ತದೆ.

ನನ್ನ ವಿದ್ಯಾರ್ಥಿನಿಯೊಬ್ಬಳು ವೃದ್ಧಾಶ್ರಮದಲ್ಲಿದ್ದ, ಪಾರ್ಶ್ವವಾಯುವಿನಿಂದ ಎಡಗೈ ಬಿದ್ದುಹೋದ ಅಜ್ಜಿಯೊಬ್ಬರಿಗೆ ರವಿಕೆ ಹೊಲಿದಳು. ಹೊಲಿಗೆ ಅಚ್ಚುಕಟ್ಟಾಗಿತ್ತು. ಆದರೆ ತೋಳಿನೊಳಗೆ ಕೈ ಹೋಗಲಿಲ್ಲ, ಒಂದೇ ಕೈಯಲ್ಲಿ ಹುಕ್ಕು ಹಾಕಲಾಗಲಿಲ್ಲ. ಹಿಂದಿರುಗುವಾಗ ಹುಡುಗಿ ಬಸ್ಸಿನಲ್ಲಿ ಅತ್ತಳು. ಮರುವಾರ ಅಲ್ಲಿನ ಆರೈಕೆಯವರ ಪಕ್ಕದಲ್ಲೇ ನಿಂತು ನೋಡಿದಳು: ಬಟ್ಟೆ ತೊಡಿಸುವಾಗ ಬಲವಿಲ್ಲದ ಕೈ ಮೊದಲು ಒಳಗೆ, ಬಿಚ್ಚುವಾಗ ಅದೇ ಕೊನೆಗೆ ಹೊರಗೆ. ಎಡಬದಿಯ ಹೊಲಿಗೆಯನ್ನು ಕಂಕುಳಿನಿಂದ ಅಂಚಿನವರೆಗೆ ಬಿಚ್ಚಿ ವೆಲ್ಕ್ರೋ ಇಟ್ಟಳು, ಮುಂಭಾಗಕ್ಕೂ ವೆಲ್ಕ್ರೋ. ಆಗ ಅಜ್ಜಿ, "ಎಲ್ಲರ ರವಿಕೆಯ ಹಾಗೆ ಕಾಣಬೇಕು ತಾಯಿ" ಎಂದರು. ಮೂರನೆಯ ರವಿಕೆಯಲ್ಲಿ ವೆಲ್ಕ್ರೋ ಮೇಲೆ ಬರಿಯ ನೋಟಕ್ಕೆಂದು ಗುಂಡಿಗಳು ಬಂದವು. ಆ ಗುಂಡಿಗಳೇ ನನಗೆ ಅವಳ ನಿಜವಾದ ಡಿಸೈನು.

ಗಾಲಿಕುರ್ಚಿಯಲ್ಲಿ ಕೂರುವವರ ಪ್ಯಾಂಟಿನದು ಇನ್ನೊಂದು ಪಾಠ. ಕೂತಾಗ ಹಿಂದೆ ಜಾರುತ್ತದೆ, ಮುಂದೆ ಮುದುಡುತ್ತದೆ. ಹಾಗಾಗಿ ಹಿಂಭಾಗ ಎತ್ತರ, ಮುಂಭಾಗ ತಗ್ಗು. ಹಿಂಜೇಬು, ದಪ್ಪ ಹೊಲಿಗೆ ಬೇಡ, ಅವು ಒತ್ತಿ ಹುಣ್ಣಾಗುತ್ತದೆ.

ಮೊದಲು ಜ್ಯೂರಿಯ (ಕೆಲಸ ಪರಿಶೀಲಿಸುವ ಪರೀಕ್ಷಕರ) ಮುಂದೆ "ಚೆನ್ನಾಗಿ ಕಾಣುತ್ತದೆಂದು ಇಟ್ಟೆ" ಎನ್ನುತ್ತಿದ್ದ ಅದೇ ಹುಡುಗಿ, ಆ ರವಿಕೆಯ ಒಂದೊಂದು ಹೊಲಿಗೆಗೂ ಕಾರಣ ಹೇಳಿದಳು. ತಲೆ ತಗ್ಗಿಸಲಿಲ್ಲ. ನಾನು ಆತ್ಮವಿಶ್ವಾಸ ಎನ್ನುವುದು ಇದನ್ನು. ಎಲ್ಲರಿಗೂ ಅದು ಒಂದೇ ಸೆಮಿಸ್ಟರಿನಲ್ಲಿ ಬರುವುದಿಲ್ಲ. ಕೆಲವರಿಗೆ ಇದ್ದ ಧೈರ್ಯವೂ ಮೊದಲು ಕುಸಿಯುತ್ತದೆ, ಆಗ ಶಿಕ್ಷಕರು ಜೊತೆಗಿರಬೇಕು.

ಹೀಗೆ ಜನರಿಗೆ ನೆರವಾಗುತ್ತಲೇ ಪಾಠ ಕಲಿಯುವ ಕ್ರಮಕ್ಕೆ 'ಸೇವಾ ಕಲಿಕೆ' ಎಂಬ ಹೆಸರು 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಕೈಕೆಲಸವನ್ನೇ ಕಲಿಕೆಯ ನಡುವೆ ಇಡಬೇಕೆಂಬ ಗಾಂಧೀಜಿಯವರ ಮಾತು 1937ರಲ್ಲೇ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಚರ್ಚೆಯಾಗಿತ್ತು. ಹೆಸರು ಯಾವುದೇ ಇರಲಿ, ಒಂದು ದಿನ ಹೋಗಿ ಬಟ್ಟೆ ಹಂಚಿ ಫೋಟೊ ತೆಗೆಸಿಕೊಳ್ಳುವುದನ್ನು ನಾನು ಕಲಿಕೆ ಎಂದು ಒಪ್ಪುವುದಿಲ್ಲ. ನಮ್ಮಲ್ಲಿ ಕನಿಷ್ಠ ಮೂರು ಭೇಟಿ ಕಡ್ಡಾಯ. ಪ್ರತಿ ಭೇಟಿಯ ನಂತರ ಎಲ್ಲಿ ತಪ್ಪಿತೆಂದು ಬರೆಯಬೇಕು. ಅಂಕ ಕೊಡುವ ಮೊದಲು ನಾನು ತೊಟ್ಟವರನ್ನೇ ಕೇಳುತ್ತೇನೆ.