ಗೇರ್‌ಬಾಕ್ಸ್ ಪಕ್ಕ ನೇತಾಡುತ್ತಿದ್ದ ಕಪ್ಲರ್

ಅಪ್ಪನ ಹಳೇ ಲಾರಿಗೆ ಗ್ರೀಸ್ ಹೊಡೆಯೋಣ ಅಂತ ಭಾನುವಾರ ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ನುಗ್ಗಿದೆ. ಗೇರ್‌ಬಾಕ್ಸ್ ಪಕ್ಕ ಎರಡು ವೈರಿನ ಕಪ್ಲರ್, ಅಂದರೆ ವೈರನ್ನು ಸಿಕ್ಕಿಸಿ ಜೋಡಿಸುವ ತುದಿ, ಒಂದು ಸುಮ್ನೆ ನೇತಾಡುತ್ತಿತ್ತು. ಯಾವುದರದ್ದು? ಬಣ್ಣ ನೋಡೋಣ ಅಂದರೆ ಮಣ್ಣು, ಆಯಿಲ್ ಮೆತ್ತಿ ಎಲ್ಲವೂ ಕಪ್ಪು. ಹಳೇ ಗಾಡಿಯಲ್ಲಿ ಬಣ್ಣ ನಂಬಲೂಬಾರದು, ಇಷ್ಟು ವರ್ಷದಲ್ಲಿ ಯಾರ್ಯಾರೋ ಕೈಗೆ ಸಿಕ್ಕ ವೈರ್ ಜೋಡಿಸಿರುತ್ತಾರೆ ಅಲ್ವಾ.

ವೈರಿನ ಉದ್ದವೇ ಅರ್ಧ ಉತ್ತರ ಹೇಳುತ್ತದೆ. ಎಳೆಯದೆ ಎಲ್ಲಿವರೆಗೆ ಎಟುಕುತ್ತದೆ ಅಂತ ನೋಡಿದೆ. ಗೇರ್‌ಬಾಕ್ಸಿನ ಕೆಸರು ಕೆರೆದಾಗ ಒಂದು ಪುಟ್ಟ ಸ್ವಿಚ್ ಕಾಣಿಸಿತು, ಎರಡು ಪಿನ್ ಬರಿದಾಗಿದ್ದವು. ರಿವರ್ಸ್ ಲೈಟಿನ ಸ್ವಿಚ್ಚೇ ಇರಬೇಕು ಅನ್ನಿಸಿತು.

ಆದರೂ ಊಹೆ ಮೇಲೆ ಸಿಕ್ಕಿಸಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಟೆಸ್ಟ್ ಲ್ಯಾಂಪ್ ಹಿಡಿದೆ. ನಮ್ಮ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್, ಕಾರಿನ ಟೆಸ್ಟ್ ಬಲ್ಬ್ ಹಿಡಿದರೆ ಸುಟ್ಟುಹೋಗುತ್ತದೆ. ಒಂದು ವೈರಿನಲ್ಲಿ ಮಾತ್ರ ಕರೆಂಟ್ ಇತ್ತು. 5 ಆಂಪಿಯರ್ ಫ್ಯೂಸ್ ಹಾಕಿದ ತುಂಡು ವೈರಿನಿಂದ ಕಪ್ಲರಿನ ಎರಡೂ ಬಾಯಿ ಕೂಡಿಸಿದ ತಕ್ಷಣ ಹಿಂದಿನಿಂದ ತಮ್ಮ ಕೂಗಿದ, "ಅಣ್ಣಾ, ರಿವರ್ಸ್ ಲೈಟ್ ಹತ್ತಿತು!"

ಕಪ್ಲರಿನ ಲಾಕ್ ಮುರಿದಿತ್ತು, ಅದಕ್ಕೇ ಗಾಡಿ ಅಲುಗಾಟಕ್ಕೆ ಕಳಚಿಕೊಂಡಿದೆ. ಪಿನ್ ಉಜ್ಜಿ, ಸಿಕ್ಕಿಸಿ, ಕೇಬಲ್ ಟೈ ಬಿಗಿದೆ. ಹೊಸ ಕಪ್ಲರ್ ತರಬೇಕು. ಇಷ್ಟು ದಿನ ಅಪ್ಪ ರಾತ್ರಿ ಹೊತ್ತು ದಾವಣಗೆರೆ ಎಪಿಎಂಸಿಯಲ್ಲಿ ಬರೀ ಕ್ಲೀನರ್ ಹುಡುಗನ ಸೀಟಿ ನಂಬಿ ಹಿಂದಕ್ಕೆ ತೆಗೆಯುತ್ತಿದ್ದರು.