ಸ್ಟಾರ್‌ಡ್ಯೂ ವ್ಯಾಲಿಯಿಂದ ಶುರು ಮಾಡಲಾ?

ನಾನು ಗೇಮ್‌ಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. "ತಲೆಬಿಸಿ ಇಲ್ಲದ ಗೇಮ್ ಬೇಕು. ಕೋಜಿ ಗೇಮ್ ಅಂತಾರಲ್ಲ, ಅಂಥದ್ದು. ಸ್ಟಾರ್‌ಡ್ಯೂ ವ್ಯಾಲಿಯಿಂದ ಶುರು ಮಾಡಲಾ?" ಕೇಳುವವರಲ್ಲಿ ಅರ್ಧ ಜನ ಅಷ್ಟು ಹೊತ್ತಿಗೆ ಅದನ್ನು ಕೊಂಡೂ ಆಗಿರುತ್ತದೆ. ಆದರೂ ಹೇಳುತ್ತೇನೆ: ಬೇಡ. ಅಂದರೆ, ಈಗಲೇ ಬೇಡ.

ಗೇಮ್ ಕೆಟ್ಟದ್ದು ಅಂತಲ್ಲ. ಎರಿಕ್ ಬ್ಯಾರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲ ತಾವೇ ಮಾಡಿ, 2016ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಬೇಸಾಯದ ಗೇಮ್ ಅದು. ನಾನೂ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಗಂಟೆ ಆಡಿದ್ದೇನೆ. ಆದರೆ ಅದರೊಳಗೆ ಒಂದು ಗಡಿಯಾರ ಇದೆ. ಬೆಳಗ್ಗೆ 6ಕ್ಕೆ ಏಳುತ್ತೀರಿ. ರಾತ್ರಿ 2ರೊಳಗೆ ಮಲಗದಿದ್ದರೆ ನಿಂತಲ್ಲೇ ಕುಸಿದು ಬೀಳುತ್ತೀರಿ. ಈ ಇಡೀ ದಿನ ನಮ್ಮ ಕೈಗಡಿಯಾರದಲ್ಲಿ ಸುಮಾರು 14 ನಿಮಿಷ. ಅಷ್ಟರಲ್ಲಿ ಗಿಡಕ್ಕೆ ನೀರು ಹಾಕಬೇಕು, ಹಸುವಿನ ಮೈದಡವಬೇಕು, ಗಣಿಗೆ ಇಳಿಯಬೇಕು, ಊರಲ್ಲಿ ಯಾರದೋ ಹುಟ್ಟುಹಬ್ಬ, ಅದನ್ನೂ ಮರೆಯೋ ಹಾಗಿಲ್ಲ.

ಋತುವಿಗೆ 28 ದಿನ. ಋತು ಬದಲಾದ ಬೆಳಗ್ಗೆ ಹಳೆಯ ಬೆಳೆ ಬಹುತೇಕ ಸತ್ತಿರುತ್ತದೆ. ಮೊದಲ ವರ್ಷ ನಾನು ಶರತ್ಕಾಲದ 20ನೇ ತಾರೀಕು ಇದ್ದಬದ್ದ ದುಡ್ಡೆಲ್ಲ ಸುರಿದು ಸಿಹಿಗುಂಬಳದ ಬೀಜ ಹಾಕಿದೆ. ಬಲಿಯಲು 13 ದಿನ ಬೇಕು ಅಂತ ಬೀಜದ ವಿವರದಲ್ಲೇ ಬರೆದಿತ್ತು. ಓದಿರಲಿಲ್ಲ. ದಿನಾ ತಪ್ಪದೆ ನೀರು ಹಾಕಿದೆ. ಚಳಿಗಾಲದ ಒಂದನೇ ತಾರೀಕು ಬಾಗಿಲು ತೆಗೆದರೆ ಹೊಲದ ತುಂಬ ಹಿಮ, ಕುಂಬಳಕಾಯಿ ಒಂದೂ ಇಲ್ಲ. ನೆಮ್ಮದಿಗೆ ಅಂತ ಆಡಲು ಕೂತವನು ಆ ರಾತ್ರಿ ಪೇಪರು ಪೆನ್ನು ಹಿಡಿದು ಮುಂದಿನ ವರ್ಷದ ಬೆಳೆಯ ಲೆಕ್ಕ ಹಾಕುತ್ತಿದ್ದೆ!

ಅವತ್ತಿನಿಂದ ನನ್ನದೊಂದು ಸುಲಭದ ಪರೀಕ್ಷೆ ಇದೆ. ಆಡುತ್ತಾ ಆಡುತ್ತಾ ಮಧ್ಯದಲ್ಲಿ ಎದ್ದು ಹೋದರೆ ಏನಾಗುತ್ತದೆ? ಕೋಜಿ ಗೇಮ್ ಏನೂ ಅನ್ನುವುದಿಲ್ಲ, ಹೋಗಲು ಬಿಡುತ್ತದೆ. ಸ್ಟಾರ್‌ಡ್ಯೂ ಸಾಮಾನ್ಯವಾಗಿ ಮಲಗಿದಾಗ ಮಾತ್ರ ಸೇವ್ ಆಗುತ್ತದೆ, ಹಾಗಾಗಿ "ಇದೊಂದು ದಿನ ಮುಗಿಸಿ ಏಳ್ತೀನಿ" ಅನ್ನುತ್ತಲೇ ನಾಲ್ಕು ದಿನ ಕಳೆದಿರುತ್ತದೆ. ತಿಳಿ ಬಣ್ಣ, ಮುದ್ದು ಬೆಕ್ಕು, ಮೆಲ್ಲಗೆ ಗಿಟಾರ್, ಇಷ್ಟು ನೋಡಿ ಮೋಸ ಹೋಗಬೇಡಿ. ಇವತ್ತು ಬರದಿದ್ದರೆ ಬಹುಮಾನ ತಪ್ಪಿತು ಅಂತ ದಿನಾ ಫೋನಿನಲ್ಲಿ ಗಂಟೆ ಬಾರಿಸುವ ಗೇಮ್‌ಗಳಲ್ಲೂ ಅವೆಲ್ಲ ಇರುತ್ತವೆ. ನನ್ನ ಪ್ರಕಾರ ಅದು ಹಾಜರಿ ಪುಸ್ತಕ.

ಇಂಡೀ ಮತ್ತು ಕೋಜಿ ಒಂದೇ ಅಂದುಕೊಂಡವರೂ ಜಾಸ್ತಿ. ಇಂಡೀ ಅನ್ನುವುದು ಮಾಡಿದವರ ಬಗ್ಗೆ (ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬಿಬ್ಬರೋ ಸಣ್ಣ ತಂಡವೋ ಮಾಡಿದ್ದು), ಕೋಜಿ ಅನ್ನುವುದು ಆಡುವವರ ಬಗ್ಗೆ. ಹಾಲೋ ನೈಟ್ ಪುಟ್ಟ ತಂಡದ ಇಂಡೀ ಗೇಮೇ, ಆದರೆ ಬೆವರಿಳಿಸುತ್ತದೆ. ಅನಿಮಲ್ ಕ್ರಾಸಿಂಗ್ ಕೋಜಿ, ಆದರೆ ಮಾಡಿದ್ದು ದೈತ್ಯ ಕಂಪನಿ ನಿಂಟೆಂಡೋ.

ಸರಿ, ಹಾಗಾದರೆ ಯಾವುದರಿಂದ ಶುರು? ಎ ಶಾರ್ಟ್ ಹೈಕ್. 2019ರದ್ದು, ಆಡಮ್ ರಾಬಿನ್ಸನ್-ಯೂ ಅವರದ್ದು. ಕ್ಲೇರ್ ಅನ್ನೋ ಹಕ್ಕಿ ಒಂದು ಮುಖ್ಯವಾದ ಫೋನ್ ಕರೆಗೆ ಕಾಯುತ್ತಿದ್ದಾಳೆ. ಸಿಗ್ನಲ್ ಸಿಗುವುದು ಬೆಟ್ಟದ ತುದಿಯಲ್ಲಿ ಮಾತ್ರ. ಅಷ್ಟೇ ಕಥೆ. ಬಂಗಾರದ ಗರಿಗಳು ಸಿಕ್ಕಷ್ಟೂ ಹೆಚ್ಚು ಎತ್ತರ ಹತ್ತಬಹುದು. ಸಾಯುವುದಿಲ್ಲ, ಸೋಲುವುದಿಲ್ಲ. ದಾರಿಯಲ್ಲಿ ಮೀನು ಹಿಡಿಯುತ್ತಾ ಕೂತರೂ ಯಾರೂ ಕೇಳುವುದಿಲ್ಲ. ಒಂದೂವರೆ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಕರೆ ಯಾರದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅದು ಮುಗಿದ ಮೇಲೆ ತುದಿಯಿಂದ ರೆಕ್ಕೆ ಬಿಚ್ಚಿ ಹಾರಿದರೆ, ಹತ್ತುವಾಗ ಕಾಲೆಳೆದುಕೊಂಡು ದಾಟಿದ ಜಾಗವೆಲ್ಲ ಕೆಳಗೆ ಅಂಗೈಯಗಲ ಕಾಣುತ್ತದೆ. ನಾನು ಆ ಒಂದು ಹಾರಾಟಕ್ಕೇ ಮೂರು ಸಲ ಆಡಿದ್ದೇನೆ.

ಎರಡನೆಯದು ಅನ್‌ಪ್ಯಾಕಿಂಗ್. ಆಸ್ಟ್ರೇಲಿಯಾದ ವಿಚ್ ಬೀಮ್ ತಂಡ 2021ರಲ್ಲಿ ತಂದಿದ್ದು. ಮನೆ ಬದಲಿಸಿದ ಮೇಲೆ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸುವುದೇ ಆಟ. "ಅದನ್ನ ಮನೆಯಲ್ಲೇ ಮಾಡಿ ಸಾಕಾಗಿದೆ, ಗೇಮಲ್ಲೂ ಯಾಕೆ?" ಅಂತೀರಾ? ನಾನೂ ಹಾಗೇ ಅಂದಿದ್ದೆ. 1997ರಿಂದ 2018ರವರೆಗೆ ಒಬ್ಬಳೇ ಹುಡುಗಿಯ ಎಂಟು ಮನೆ ಬದಲಾವಣೆ. ಅವಳ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಕಾಣುವುದು ಸಾಮಾನು ಮಾತ್ರ.

2010ರಲ್ಲಿ ಅವಳು ಗೆಳೆಯನ ಮನೆಗೆ ಹೋಗುತ್ತಾಳೆ. ಅಲ್ಲಿ ಎಲ್ಲ ಕಡೆ ಅವನದ್ದೇ ಸಾಮಾನು. ಅವನ ಬಟ್ಟೆ ಒತ್ತರಿಸಿ ಇವಳದ್ದು ತೂರಿಸಬೇಕು. ಕೊನೆಗೆ ಪೆಟ್ಟಿಗೆಯಿಂದ ಅವಳ ಡಿಗ್ರಿ ಸರ್ಟಿಫಿಕೇಟು ಬರುತ್ತದೆ, ಫ್ರೇಮ್ ಹಾಕಿದ್ದು. ಗೋಡೆಯಲ್ಲಿ ಜಾಗ ಇಲ್ಲ. ಅಲ್ಲಿಟ್ಟೆ, ಇಲ್ಲಿಟ್ಟೆ, ತಪ್ಪು ಅಂತ ಸುತ್ತ ಕೆಂಪು ಗೆರೆ. ಹತ್ತು ನಿಮಿಷ ಪರದಾಡಿ ಮಂಚದ ಕೆಳಗೆ ತಳ್ಳಿದೆ. ಕೆಂಪು ಹೋಯಿತು. ಮೌಸ್ ಮೇಲಿನ ಕೈ ಹಾಗೇ ನಿಂತಿತು. ಆ ಸಂಸಾರ ಹೇಗಿರುತ್ತೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನ್ನ ಕೈಯಲ್ಲೇ ಮಾಡಿಸಿದರು. ಹೆಚ್ಚೂ ಕಡಿಮೆ ಮಾತೇ ಇಲ್ಲದ ಈ ಗೇಮಿಗೆ 2022ರಲ್ಲಿ ಕಥನಕ್ಕಾಗಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದಾಗ ನನಗೇನೂ ಆಶ್ಚರ್ಯ ಆಗಲಿಲ್ಲ.

ಇನ್ನು ಸ್ಪಿರಿಟ್‌ಫೇರರ್. ಇದನ್ನು ಕೋಜಿ ಪಟ್ಟಿಯಲ್ಲಿ ನೋಡಿ ಕೊಂಡವರು ಆಮೇಲೆ ನನ್ನನ್ನು ಬೈದಿದ್ದಾರೆ. ಸತ್ತವರನ್ನು ದೋಣಿಯಲ್ಲಿ ಕೂರಿಸಿಕೊಂಡು, ಉಣ್ಣಿಸಿ, ಅಪ್ಪಿಕೊಂಡು (ಅಪ್ಪಿಕೊಳ್ಳೋಕೆ ಅಂತಲೇ ಅವಕಾಶ ಇದೆ), ಕೊನೆಗೆ ಬೀಳ್ಕೊಡುವ ಗೇಮ್ ಇದು. ಆಲಿಸ್ ಅನ್ನೋ ಅಜ್ಜಿಗೆ ಮರೆವು ಶುರುವಾಗುತ್ತದೆ. ಅವರನ್ನು ಮೆಲ್ಲಗೆ ನಡೆಸಿಕೊಂಡು ದೋಣಿಯ ಮುಂದಿನ ತುದಿಗೆ ಕರೆದೊಯ್ಯಬೇಕು. ಒಂದು ಹಂತದಲ್ಲಿ ನಿಮ್ಮನ್ನೇ ತಮ್ಮ ಮಗಳು ಅಂದುಕೊಳ್ಳುತ್ತಾರೆ. ಮಧ್ಯೆ ಮಧ್ಯೆ ಮರ, ಅದಿರು ಕೂಡಿಹಾಕುವ ಕೆಲಸ ಜಾಸ್ತಿ ಆಯಿತು ಅನ್ನಿಸುತ್ತದೆ, ಅಲ್ಲಿ ನಾನು ಆಕಳಿಸಿದ್ದೂ ಇದೆ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ಸದ್ಯಕ್ಕೆ ಬೇಡ. ಸ್ವಲ್ಪ ದಿನ ಕಳೆಯಲಿ.

ಏನೂ ಬೇಡ, ಸುಮ್ನೆ ಕೈಗೆ ಕೆಲಸ ಬೇಕು ಅನ್ನುವವರಿಗೆ ಟೌನ್‌ಸ್ಕೇಪರ್. ನೀರಿನ ಮೇಲೆ ಕ್ಲಿಕ್ ಮಾಡಿದಲ್ಲಿ ಮನೆ ಏಳುತ್ತದೆ. ಗುರಿ ಇಲ್ಲ, ಅಂಕ ಇಲ್ಲ. ಅಂಕ ಇದ್ದರೇ ಚೆಂದ ಅನ್ನುವವರು, ಬಿಲ್ಲೆ ಜೋಡಿಸಿ ಹಳ್ಳಿ, ಕಾಡು ಬೆಳೆಸುವ ಡಾರ್ಫ್‌ರೊಮ್ಯಾಂಟಿಕ್ ನೋಡಿ.

ಇವುಗಳಲ್ಲಿ ಎರಡು ಮೂರು ಆಡಿದ ಮೇಲೆ, ಒಂದು ದಿನ ಹಾಳಾದರೆ ಹಾಳಾಗಲಿ ಅನ್ನುವ ಬುದ್ಧಿ ಬಂದಿರುತ್ತದೆ. ಆಗ ಸ್ಟಾರ್‌ಡ್ಯೂ ಹಾಕಿಕೊಳ್ಳಿ. ಸಿಹಿಗುಂಬಳ ಮಾತ್ರ ಶರತ್ಕಾಲದ 15ನೇ ತಾರೀಕಿನೊಳಗೆ ನೆಟ್ಟುಬಿಡಿ.